ಕಾಕು ಉಪ್ಪು ಬಿಟ್ಟ ಶ್ರಾವಣ

ಈಚೆಗೆ ನಮ್ಮ ಮನೆಯಲ್ಲಿ ಬೇಳೆ ಎರಡು ಪಾತ್ರೆಯಲ್ಲಿ ಕುದಿಯುತ್ತದೆ. ಒಂದು ಮಗ, ಸೊಸೆ, ಮೊಮ್ಮಗಳಿಗೆ, ಇನ್ನೊಂದು ನನಗೆ. ರಕ್ತದೊತ್ತಡ ಏರಿದೆ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದೇ ತಡ, ಸೊಸೆ ನನ್ನ ಬೇಳೆಗೆ ಉಪ್ಪು ಹಾಕುವುದನ್ನೇ ನಿಲ್ಲಿಸಿಬಿಟ್ಟಳು. ಉಪ್ಪಿಲ್ಲದ ತೊಗರಿಬೇಳೆಗೆ ಅದರದೇ ಒಂದು ವಾಸನೆ ಇದೆ. ಒದ್ದೆಯಾದ ಗೋಣಿಚೀಲದಂಥ ವಾಸನೆ. ಮೊನ್ನೆ ತಟ್ಟೆಯ ಮುಂದೆ ಕುಳಿತಾಗ ಅದು ಮೂಗಿಗೆ ಬಡಿಯಿತು. ತುತ್ತು ಕೈಯಲ್ಲೇ ಉಳಿಯಿತು. ಸೊಸೆ, "ಏನಾಯ್ತು ಬಾಬಾ, ಸೇರಲಿಲ್ವಾ?" ಎಂದಳು. ಏನಿಲ್ಲ ಎಂದೆ. ಅವಳಿಗೆ ಹೇಳಲು ಹೋದರೆ ನಲವತ್ತು ವರ್ಷಕ್ಕೂ ಹಿಂದಿನ ಡೊಂಬಿವಲಿಯಿಂದ ಶುರುಮಾಡಬೇಕಾಗಿತ್ತು...

ಮುಂಬೈ ಪಕ್ಕದ ಡೊಂಬಿವಲಿಯ ಪೂರ್ವಕ್ಕೆ, ಕಾರ್ಖಾನೆಗಳ ಕಡೆ ಹೋಗುವ ರಸ್ತೆಯ ಒಂದು ಚಾಳಿನ ತುದಿಯಲ್ಲಿ ಕಾಕುವಿನ ಖಾನಾವಳಿ ಇತ್ತು. ಎರಡು ಖೋಲಿ. ಒಂದರಲ್ಲಿ ಒಲೆ, ಒಂದರಲ್ಲಿ ಪಂಕ್ತಿ. ಬೋರ್ಡು ಇರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ರಸ್ತೆಗೆ ಕೇಳುತ್ತಿತ್ತು, ಅಷ್ಟು ಸಾಕಾಗಿತ್ತು. ಉಣ್ಣುವವರೆಲ್ಲ ನಮ್ಮ ಕಡೆಯವರೇ. ಕಲಬುರ್ಗಿ, ರಾಯಚೂರು, ವಿಜಾಪುರದಿಂದ ಬಂದ ಹಮಾಲರು, ಗೌಂಡಿಗಳು, ಬಣ್ಣದ ಮತ್ತು ಔಷಧದ ಕಂಪನಿಗಳ ಕೂಲಿಗಳು. ಕಾಕು ವಿಜಾಪುರದ ಕಡೆಯವಳು. ಅವಳು ಯಾರಿಗೂ ರಕ್ತಸಂಬಂಧದ ಕಾಕು, ಅಂದರೆ ಚಿಕ್ಕಮ್ಮ, ಆಗಿರಲಿಲ್ಲ, ಆದರೆ ಅವಳ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಅವಳ ಗಂಡ, ನಮಗೆಲ್ಲ ಕಾಕಾ, ಠಾಣೆ ಪಟ್ಟಣದ ಮಾಜಿವಾಡಾದ ಹತ್ತಿರ ಒಂದು ಕಂಪನಿಯಲ್ಲಿ ಫಿಟ್ಟರ್. ಮಾತು ಕಡಿಮೆಯ ಮನುಷ್ಯ. ಮಕ್ಕಳಿರಲಿಲ್ಲ.

ನನ್ನ ಅಪ್ಪ ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಚೀಲ ಹೊರುತ್ತಿದ್ದ. ಅವ್ವ, ತಂಗಿಯರು ರಾಯಚೂರಿನ ಕಡೆ ಊರಲ್ಲಿ. ನಾವಿಬ್ಬರೂ ಎರಡೂ ಹೊತ್ತು ಕಾಕುವಿನಲ್ಲೇ ಉಣ್ಣುತ್ತಿದ್ದೆವು. ನಮ್ಮ ಮನೆತನದಲ್ಲಿ ಸಹಿ ಮಾಡಲು ಕಲಿತ ಮೊದಲನೆಯವನು ನಾನು. ಬಿ.ಎಸ್ಸಿ. ಮಾಡಿದ ಮೊದಲನೆಯವನೂ ನಾನೇ. ಇದನ್ನು ಹೇಳಿಕೊಳ್ಳಲು ಇವತ್ತಿಗೂ ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಚಾಳಿನ ನಮ್ಮ ಖೋಲಿಯಲ್ಲಿ ಏಳು ಜನ ಮಲಗುತ್ತಿದ್ದರು, ಪುಸ್ತಕ ತೆರೆಯಲು ಜಾಗವಿರಲಿಲ್ಲ. ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಕಾಕು ನನ್ನನ್ನು ಹಿಟ್ಟಿನ ಡಬ್ಬಿಗಳ ಪಕ್ಕ ಕೂಡಿಸಿ, "ಓದ ನೀ. ಯಾರರ ಮಾತಾಡ್ಸಿದ್ರ ಲಟ್ಟಣಗಿ ತಗೊಂಡು ಬರ್ತೀನಿ" ಎನ್ನುತ್ತಿದ್ದಳು. ನನ್ನ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಬಹಳ ವರ್ಷ ಜೋಳದ ಹಿಟ್ಟು ಸಿಗುತ್ತಿತ್ತು.

ನಾನು ಪಾಸಾದ ದಿನ ಅವಳು ಪಂಕ್ತಿಯಲ್ಲಿ ಎಲ್ಲರಿಗೂ ಶೇಂಗಾ ಹೋಳಿಗೆ ಬಡಿಸಿದಳು. ರಾಯಚೂರಿನ ಹಮಾಲನೊಬ್ಬ, ಬಾಯಿ ಜೋರಿನವ, "ಕಾಕು, ಇವ ಡಿಗ್ರಿ ಮಾಡಿದ್ರ ನಮಗೇನ? ನಾಳಿಂದ ಚೀಲ ಹಗರ ಆಗ್ತಾವೇನ?" ಎಂದ.

"ನಿನ್ನ ತಲೀನ ಹಗರ ಐತಿ, ಚೀಲರ ಜಡ ಇರ್ಲಿ ಬಿಡು" ಎಂದಳು ಕಾಕು. ಪಂಕ್ತಿಯೆಲ್ಲ ನಕ್ಕಿತು.

ಅವಳು ಹೀಗೆ. ಆದರೆ ಕೆಲವು ತಿಂಗಳು ಅವಳು ಹೀಗಿರುತ್ತಿರಲಿಲ್ಲ...

ಮೊದಲು ಅದು ನಮಗೆ ಕಾಯಿಲೆಯಾಗಿ ಕಾಣಲೇ ಇಲ್ಲ. ಒಂದು ಬೇಸಿಗೆಯಲ್ಲಿ ಕಾಕು ನಿದ್ದೆ ಬಿಟ್ಟಳು. ನಸುಕಿಗೇ ಎದ್ದು ಎರಡರಷ್ಟು, ಮೂರರಷ್ಟು ಅಡಿಗೆ ಮಾಡತೊಡಗಿದಳು. ಚಾಳಿನ ಗ್ಯಾಲರಿಯ ಉದ್ದಕ್ಕೂ ಎಲೆ ಹಾಸಿ ಹೋಗುವವರನ್ನು ಬರುವವರನ್ನು ಕರೆದು ಕೂಡಿಸಿದಳು. ಸ್ಟೇಷನ್ನಿಗೆ ಹೋಗಿ ಪೋರ್ಟರುಗಳನ್ನು ಊಟಕ್ಕೆ ಕರೆತಂದಳು. ಕಲ್ಯಾಣದಿಂದ ಠಾಣೆಯವರೆಗೆ ಪ್ರತಿ ಸ್ಟೇಷನ್ನಿನಲ್ಲೂ ತನ್ನದೊಂದು ಖಾನಾವಳಿ ಆಗುತ್ತದೆ ಎಂದಳು. ಮುಂಬ್ರಾದಲ್ಲಿ ಜಾಗ ನೋಡಿ ಬಂದೆ ಎಂದಳು. ಮಾತು ಎಷ್ಟು ಜೋರು ಎಂದರೆ ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದು ಬರುತ್ತಿತ್ತು. ನಾವು ಉಂಡೆವು, ನಕ್ಕೆವು. ಕಾಕುವಿನ ಮನಸ್ಸು ದೊಡ್ಡದು ಎಂದೆವು. ಆಮೇಲೆ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಒಲೆ ಹತ್ತಲಿಲ್ಲ. ನಾವು ಬೇಕರಿಯ ಪಾವು, ಚಹಾದ ಮೇಲೆ ದಿನ ಕಳೆದೆವು. ಕಾಕಾ ಬಾಗಿಲಲ್ಲಿ ಕುಳಿತು, "ಆಕಿಗೆ ದಣಿವಾಗೇದ" ಎನ್ನುತ್ತಿದ್ದ. ದೃಷ್ಟಿಯಾಗಿದೆ ಎಂದು ಯಾರೋ ಹೇಳಿದರು. ಎಷ್ಟೋ ಜನರ ಕಣ್ಣು ಬಿದ್ದ ಕೈ ಅದು, ಆಗಿರಬಹುದು ಎಂದು ನನ್ನ ಅಪ್ಪನೂ ಹೇಳಿದ.

ಇದು ಮರಳಿ ಬಂತು. ಮತ್ತೂ ಬಂತು. ಮೂರನೆಯ ಸಲ ಏರಿದಾಗ ಅವಳು ಹಗಲು ಹೊತ್ತಿನಲ್ಲಿ ರೈಲು ಹಳಿಯ ಮೇಲೆ ನಡೆದು ಮುಂದಿನ ಸ್ಟೇಷನ್ ಠಾಕುರ್ಲಿಗೆ ಹೊರಟಿದ್ದಳು, ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು. ಗ್ಯಾಂಗ್‌ಮನ್ ಒಬ್ಬ ಕೈಹಿಡಿದು ಎಳೆದ, ಉಳಿದಳು. ಆಗ ಕಾಕಾನ ಕಂಪನಿಯ ಡಾಕ್ಟರು ಠಾಣೆಯ ಒಬ್ಬ ಮಾನಸಿಕ ತಜ್ಞರ ಹೆಸರು ಹೇಳಿದರು.

ಠಾಣೆ ಎಂದರೆ ಆಗ ನಮ್ಮ ಕಡೆ ಏನರ್ಥ ಎಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹುಚ್ಚರ ದವಾಖಾನೆ ಇರುವ ಊರು ಅದು. ಪಂಕ್ತಿಯಲ್ಲಿ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ, "ಠಾಣೆ ಟಿಕೀಟ ತಗಸ್ಲೇನ?" ಎಂದು ಚೇಷ್ಟೆ ಮಾಡುತ್ತಿದ್ದೆವು. ದಿನಾ ಠಾಣೆಗೇ ಕೆಲಸಕ್ಕೆ ಹೋಗುವ ಕಾಕಾನೂ ನಗುತ್ತಿದ್ದ. ನಾವು ಹೋದದ್ದು ಆ ದವಾಖಾನೆಗಲ್ಲ, ಒಬ್ಬ ಡಾಕ್ಟರರ ಸ್ವಂತ ಕ್ಲಿನಿಕ್ಕಿಗೆ. ಆದರೂ ಕಾಕಾ ಚಾಳಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇವೆ ಎಂದು ಹೇಳಿದ. "ತಲೀ ಗುಳಗಿ ಅಂತ ಗೊತ್ತಾದ್ರ ಈ ಕೈಯಾಂದು ಯಾರ ಉಣ್ತಾರೋ ತಮ್ಮಾ" ಎಂದು ನನ್ನ ಕಿವಿಯಲ್ಲಿ ಅಂದ. ನನ್ನನ್ನು ಜೊತೆಗೆ ಕರೆದದ್ದು ಇಂಗ್ಲಿಷು, ಮರಾಠಿ ಬರುತ್ತವೆ ಎಂದು. ಅಷ್ಟು ಹೊತ್ತಿಗೆ ನಾನು ಒಂದು ಬಣ್ಣದ ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಕಾಕುವಿನ ಅಣ್ಣನೂ ವಿಜಾಪುರದಿಂದ ಬಂದಿದ್ದ. ತಲೆಗೆ ಪಟಕಾ, ಬಿಳಿ ಧೋತರ, ಊರಲ್ಲಿ ನಾಲ್ಕು ಜನ ಕೇಳುವ ಮನುಷ್ಯ. ಅವನ ಮಗಳಿಗೆ ಆ ವರ್ಷ ಗಂಡು ನೋಡುತ್ತಿದ್ದರು.

ಡಾಕ್ಟರು ವಯಸ್ಸಾದ ಮರಾಠಿಯವರು. ಬಹಳ ಹೊತ್ತು ಕೇಳಿದರು. ಕೊನೆಗೆ, ಈ ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗೆ ಆಗಿತ್ತೇ, ಏರುವುದು ಇಳಿಯುವುದು, ಎಂದರು. ನಾನು ಕನ್ನಡಕ್ಕೆ ಹೇಳಿದೆ. ಕಾಕು ಅಣ್ಣನ ಮುಖ ನೋಡಿದಳು.

"ನಮ್ಮ ಮನ್ಯಾಗ? ಏಳು ತಲಿಯೊಳಗ ಇಲ್ಲ" ಎಂದ ಅಣ್ಣ. "ಈ ಊರ ನೀರ ಸರಿ ಇಲ್ಲ. ಹೊಗಿ ಕುಡದು ಕುಡದು ಆಕಿ ಹಿಂಗಾಗ್ಯಾಳ ಅಂತ ಹೇಳು."

ಡಾಕ್ಟರು ಇದು ಮ್ಯಾನಿಕ್ ಡಿಪ್ರೆಸಿವ್ ಎಂಬ ಕಾಯಿಲೆ ಇರಬಹುದು ಎಂದರು. ಈಗ ಅದನ್ನೇ ಬೈಪೋಲಾರ್ ಎನ್ನುತ್ತಾರೆ. ಸದ್ಯಕ್ಕೆ ಏರಿದ್ದನ್ನು ಇಳಿಸಲು ಔಷಧ ಕೊಟ್ಟರು. ಲಿಥಿಯಂ ಎಂಬ ಗುಳಿಗೆ ಇದೆ, ಅದನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಅದನ್ನು ಶುರು ಮಾಡುವ ಮೊದಲು ಮನೆಯವರು ಕುಳಿತು ಯೋಚಿಸಿ, ನೆನಪು ಮಾಡಿಕೊಂಡು ಬನ್ನಿ ಎಂದರು. ಮನೆಯವರು ಒಪ್ಪದೆ ಈ ಔಷಧ ನಡೆಯುವುದಿಲ್ಲ, ಅರ್ಧಕ್ಕೆ ಬಿಟ್ಟರೆ ಕಾಯಿಲೆ ಇನ್ನೂ ಜೋರಾಗಿ ಬರಬಹುದು ಎಂದೂ ಹೇಳಿದರು.

ಮರಳಿ ಬರುವಾಗ ಲೋಕಲಿನಲ್ಲಿ ನೂಕುನುಗ್ಗಲು. ಕಾಕಾ, ಅಣ್ಣ ಇಬ್ಬರೂ ಬಾಗಿಲ ಬಳಿ ನಿಂತಿದ್ದರು. ನಾನು ಮತ್ತು ಕಾಕು ಒಳಗೆ. ಕಳ್ವಾ ದಾಟಿದ ಮೇಲೆ ಅವಳು ತಾನಾಗಿಯೇ ಹೇಳತೊಡಗಿದಳು. ಅವಳ ಅಪ್ಪ ಒಂದು ವರ್ಷ ಮದುವೆಯಿಲ್ಲದೆ ಊರಿಗೆ ಬಾಜಾಭಜಂತ್ರಿ ಕರೆಸಿದ್ದನಂತೆ. ನೀರಿಲ್ಲದ ಹೊಲದಲ್ಲಿ ಎರಡು ಬಾವಿ ತೋಡಿಸಿದನಂತೆ. ಹೋದಬಂದವರಿಗೆಲ್ಲ ರುಮಾಲು ಉಡುಗೊರೆ ಕೊಟ್ಟನಂತೆ. ಅದರ ಮರುವರ್ಷ ಬಿತ್ತುವ ಹೊತ್ತಿನಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದವನು ರಾಶಿಯಾದರೂ ಏಳಲಿಲ್ಲವಂತೆ. ಕೊನೆಕೊನೆಗೆ ಮೇವಿನ ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ರೊಟ್ಟಿ ಒಯ್ಯುತ್ತಿದ್ದವಳು ಇವಳೇ, ಆಗ ಲಂಗ ಉಡುವ ಹುಡುಗಿ. ಊರಿಗೆ ಹೇಳಿದ್ದು ಮಾತ್ರ ಅವನಿಗೆ ಮೈಯಲ್ಲಿ ಉಷ್ಣ ಆಗಿದೆ ಎಂದು.

"ನಂದೂ ಅದ ಐತಿ ತಮ್ಮಾ" ಎಂದಳು. ಅವಳ ಮುಖದಲ್ಲಿ ನನಗೆ ಕಂಡದ್ದು ದುಃಖ ಅಲ್ಲ. "ಇಷ್ಟ ದಿನ ನನ್ನ ಗುಣಾನ ಕೆಟ್ಟದ್ದು ಅಂತ ತಿಳಕೊಂಡಿದ್ದೆ. ಒಮ್ಮೆ ದಿಮಾಕು, ಒಮ್ಮೆ ಮೈಗಳ್ಳಿ. ಹೆಸರು ಐತಲ್ಲ ಇದಕ್ಕ? ಏನಂದ್ರು, ಇನ್ನೊಮ್ಮೆ ಹೇಳು."

ಹೇಳಿದೆ. ಅವಳು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿದಳು, ನಾಲಿಗೆ ತಿರುಗಲಿಲ್ಲ. "ಇರ್ಲಿ. ಹೆಸರ ಇದ್ದದ್ದಕ್ಕ ಔಷಧಾನೂ ಇರ್ತೈತಿ" ಎಂದಳು.

ಹೀಗೆ ಅವಳು ಒಪ್ಪಿಕೊಂಡಳು. ದಿವಾ ಸ್ಟೇಷನ್ನು ಬರುವ ಮೊದಲೇ. ಇಡೀ ಮನೆತನದಲ್ಲಿ ಅದನ್ನು ಒಪ್ಪಿಕೊಂಡವಳು ಅವಳೊಬ್ಬಳೇ ಆಗಿ ಉಳಿದಳು.

ಔಷಧ ಕೆಲಸ ಮಾಡಿತು. ನಿದ್ದೆ ಬಂತು, ಮಾತು ಹದಕ್ಕೆ ಇಳಿಯಿತು. ಈಗ ಲಿಥಿಯಂ ಶುರು ಮಾಡುವುದು ಉಳಿದಿತ್ತು. ಅದಕ್ಕೆ ಅವಳು ಪಟ್ಟು ಹಿಡಿದದ್ದು ಒಂದೇ ಮಾತಿಗೆ: ಅಣ್ಣ ಮತ್ತೆ ಬರಬೇಕು, ಡಾಕ್ಟರ ಮುಂದೆ ಅಪ್ಪನ ವಿಷಯ ಬಾಯಿಬಿಟ್ಟು ಹೇಳಬೇಕು. "ನೀನೇ ಹೇಳಬಹುದಲ್ಲ ಕಾಕು" ಎಂದೆ ನಾನು. "ನಾ ಹೇಳಿದ್ರ ಹುಚ್ಚಿ ಮಾತಾಗ್ತದ. ಅಂವ ಹೇಳಿದ್ರ ಮನೆತನದ ಮಾತು" ಎಂದಳು. ಕಾಕಾ ಕೂಡ, ಭಾವ ಹೂಂ ಅಂದರೆ ತಾನೂ ಹೂಂ ಎಂದು ಕುಳಿತಿದ್ದ.

ಅಣ್ಣ ಬಂದ. ಜೂನಿನ ಮೊದಲ ದೊಡ್ಡ ಮಳೆ ಹಿಡಿದ ದಿನ, ಕುರ್ಲಾದ ಕಡೆ ಹಳಿಗೆ ನೀರು ಬಂದು ಗಾಡಿಗಳೆಲ್ಲ ತಡ. ಠಾಣೆ ಮುಟ್ಟುವ ಹೊತ್ತಿಗೆ ನಾವು ತೊಯ್ದು ತೊಪ್ಪೆಯಾಗಿದ್ದೆವು. ಡಾಕ್ಟರ ಮುಂದೆ ಅವನು ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡ. ನೆಲ ನೋಡುತ್ತ, "ನಮ್ಮಪ್ಪಗ ಆಗಿತ್ರಿ. ಹಿಂಗ ಆಗಿತ್ತು. ಮೇವಿನ ಮನ್ಯಾಗ ಇಟ್ಟಿದ್ದಿವ್ರಿ" ಎಂದ. ನಾನು ಮರಾಠಿಗೆ ತಿರುಗಿಸಿದೆ. ಕಾಕು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಊಟದಲ್ಲಿ ಎಂದಿನಷ್ಟು ಉಪ್ಪು ಇರಲಿ, ಕಡಿಮೆ ಮಾಡಬೇಡಿ, ನೀರು ಚೆನ್ನಾಗಿ ಕುಡಿಯಿರಿ ಎಂದರು. ಕೈ ನಡುಗಿದರೆ, ವಾಂತಿಯಾದರೆ ಕೂಡಲೇ ಬನ್ನಿ ಎಂದರು. ಉಪ್ಪಿನ ಮಾತು ಹೇಳಿದಾಗ ಕಾಕು ನಕ್ಕೇಬಿಟ್ಟಳು. "ಖಾನಾವಳಿಯಾಕಿಗೆ ಉಪ್ಪಿನ ಪಾಠ ಹೇಳ್ತಾರಲ್ಲೋ ಇವರು!"

ಎರಡು ತಿಂಗಳು, ಬಹುಶಃ ಸ್ವಲ್ಪ ಹೆಚ್ಚು... ಅಷ್ಟು ಚೆನ್ನಾಗಿದ್ದ ದಿನಗಳನ್ನು ನಾನು ಆ ಖಾನಾವಳಿಯಲ್ಲಿ ನೋಡಿರಲಿಲ್ಲ. ಗ್ಯಾಲರಿಗೆ ಎಲೆ ಹಾಸುವುದೂ ಇಲ್ಲ, ಗೋಡೆಗೆ ಮುಖ ಮಾಡುವುದೂ ಇಲ್ಲ. ಸುಮ್ಮನೆ ರೊಟ್ಟಿ, ಬ್ಯಾಳಿ, ಒಂದು ಪಲ್ಯ. ರಕ್ತ ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ. ಎಲ್ಲ ಸರಿಯಾಗಿದೆ ಎಂದರು. ನನಗೆ ಆಗ ಎಷ್ಟು ಹೆಮ್ಮೆ! ನಾನು ಓದಿದ್ದು ಸಾರ್ಥಕ ಆಯಿತು ಎಂದು ಅಪ್ಪನ ಮುಂದೆ ಹೇಳಿಕೊಂಡೆ ಕೂಡ.

ನನಗೆ ಗೊತ್ತಿಲ್ಲದ ಒಂದು ಮಾತು ಅಣ್ಣ ತಂಗಿಯ ನಡುವೆ ಆಗಿಹೋಗಿತ್ತು. ಡಾಕ್ಟರ ಮುಂದೆ ಅಪ್ಪನ ವಿಷಯ ಹೇಳಲು ಅಣ್ಣ ಸುಮ್ಮನೆ ಒಪ್ಪಿರಲಿಲ್ಲ. ಅವನದೂ ಒಂದು ಪಟ್ಟು ಇತ್ತು. "ನಾ ನಿನ್ನ ಡಾಕ್ಟರನ ಮಾತ ಕೇಳ್ತೀನಿ, ನೀ ನಮ್ಮ ದೇವರ ಮಾತ ಕೇಳು. ಶ್ರಾವಣ ತಿಂಗಳ ಪೂರ್ತಿ ಉಪ್ಪು ಬಿಡು" ಎಂದಿದ್ದ. ಮನೆದೇವರಿಗೆ ಆಗಲೇ ಹರಕೆ ಹೊತ್ತು ಬಂದಿದ್ದ. ನಮ್ಮ ಕಡೆ ಇದು ಹೊಸತಲ್ಲ. ಮನೆಯಲ್ಲಿ ಯಾರಿಗಾದರೂ ಕಷ್ಟ ಬಂದರೆ ಒಬ್ಬರು ಅಕ್ಕಿ ಬಿಡುತ್ತಾರೆ, ಒಬ್ಬರು ಉಪ್ಪು ಬಿಡುತ್ತಾರೆ, ಹರಕೆ ಮುಟ್ಟುವ ತನಕ ಸಪ್ಪನ ಊಟ ಉಣ್ಣುತ್ತಾರೆ. ನನ್ನ ಅವ್ವ ಕೂಡ ನನ್ನ ಪರೀಕ್ಷೆಗೆಂದು ಬಿಟ್ಟಿದ್ದಳು. ಕಾಕು ಒಪ್ಪಿದಳು. ಅಣ್ಣನ ಬಾಯಿಂದ ಆ ಒಂದು ಮಾತು ಬರಬೇಕಾಗಿತ್ತು ಅವಳಿಗೆ. ಡಾಕ್ಟರು ಉಪ್ಪಿನ ವಿಷಯ ಹೇಳುವ ಹೊತ್ತಿಗೆ ಮಾತು ಕೊಟ್ಟಾಗಿತ್ತು. ಅವಳು ನಕ್ಕದ್ದು ಅದಕ್ಕೇ ಇರಬೇಕು... ಒಂದು ತಿಂಗಳಿಗೆ ಏನಾಗುತ್ತದೆ ಎಂದುಕೊಂಡಿದ್ದಳು.

ಶ್ರಾವಣ ಬಂತು. ಒಂದು ದಿನ ಪಂಕ್ತಿಯಲ್ಲಿ ಬೇಳೆ ಸಪ್ಪಗಿತ್ತು. ಮರುದಿನ ಬಾಯಿಗೆ ಇಡಲಾಗದಷ್ಟು ಉಪ್ಪು. ರಾಯಚೂರಿನ ಹಮಾಲ ಬಿಡುತ್ತಾನೆಯೇ? "ಕಾಕು, ನಿನ್ನಿ ನಮ್ಮನ್ನ ಬಾಣಂತ್ಯಾರ್ನ ಮಾಡಿದ್ದಿ, ಇವತ್ತ ಉಪ್ಪಿನಕಾಯಿ ಮಾಡೀಯಲ್ಲ!" ಎಂದ. ಕಾಕು ನಗಲಿಲ್ಲ. ಅದುವರೆಗೆ ಅವಳು ಅಡಿಗೆಯಾದ ಮೇಲೆ ಒಂದು ಹನಿ ಬೇಳೆಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದಳು. ಈಗ ನನ್ನನ್ನು ಕರೆದು, "ಬ್ಯಾಳಿ ನೋಡು ತಮ್ಮಾ" ಎನ್ನುತ್ತಿದ್ದಳು. ತನಗೆಂದು ಬೇರೆ ಒಂದು ಚಿಕ್ಕ ಗಡಿಗೆಯಲ್ಲಿ ಬೇಯಿಸಿಕೊಳ್ಳುತ್ತಿದ್ದಳು. ಯಾಕೆ ಎಂದರೆ, "ಶ್ರಾವಣ ಅಲ್ಲೇನೋ, ಒಪ್ಪತ್ತ ಮಾಡೀನಿ" ಎಂದು ಹಾರಿಸಿದಳು. ಶ್ರಾವಣದಲ್ಲಿ ಹೆಂಗಸರು ಏನೇನೋ ಮಾಡುತ್ತಾರೆ. ನಾನು ಮುಂದೆ ಕೇಳಲಿಲ್ಲ, ಕೇಳುವಂಥದ್ದು ಏನೂ ಕಾಣಲಿಲ್ಲ.

ಒಲೆಯ ಮುಂದೆ ದಿನವಿಡೀ ಕುಳಿತು ಬೆವರುವ ಹೆಂಗಸು. ಬೆವರಿನಲ್ಲಿ ಉಪ್ಪು ಹೋಗುತ್ತಿತ್ತು, ಊಟದಲ್ಲಿ ಉಪ್ಪು ಬರುತ್ತಿರಲಿಲ್ಲ. ಮೈಯಲ್ಲಿ ಉಪ್ಪು ಇಳಿದರೆ ಈ ಔಷಧ ಹೊರಗೆ ಹೋಗದೆ ಒಳಗೇ ಕೂಡುತ್ತ ಹೋಗುತ್ತದೆ. ಇದನ್ನೆಲ್ಲ ಡಾಕ್ಟರು ನನಗೆ ಬಿಡಿಸಿ ಹೇಳಿದ್ದು ಎಲ್ಲ ಆದ ಮೇಲೆ.

ಮೊದಲು ಅವಳ ಕೈ ನಡುಗಿತು. ರೊಟ್ಟಿ ಹರಿಯತೊಡಗಿತು. ಆ ಕೈಯಿಂದ ರೊಟ್ಟಿ ಹರಿದದ್ದನ್ನು ಯಾರೂ ಕಂಡಿರಲಿಲ್ಲ. ಮಾರನೆಯ ದಿನ ನಾನು ಕಂಪನಿಯಿಂದ ಬರುವಷ್ಟರಲ್ಲಿ ಅವಳು ಪಂಕ್ತಿಯ ಖೋಲಿಯಲ್ಲಿ ಬಿದ್ದಿದ್ದಳು. ಸೀರೆಗೆಲ್ಲ ವಾಂತಿ. ಮಾತು ತೊದಲುತ್ತಿತ್ತು, ಕುಡಿದವರ ಹಾಗೆ. ನಿಲ್ಲಿಸಿದರೆ ಕಾಲು ಹಿಡಿಯುತ್ತಿರಲಿಲ್ಲ. ಹರಕೆ ಹೇಗೆ ನಡೆದಿದೆ ಎಂದು ನೋಡಲು ಊರಿಂದ ಬಂದಿದ್ದ ಅಣ್ಣ ಬಾಗಿಲಲ್ಲಿ ನಿಂತು, "ನಾ ಮೊದಲ ಹೇಳಿದ್ದೆ. ಗುಳಗಿ ವಿಷ ಅಂತ ಹೇಳಿದ್ದೆ" ಎಂದು ಕೂಗುತ್ತಿದ್ದ. ನಾನು ಮತ್ತು ಕಾಕಾ ಟ್ಯಾಕ್ಸಿ ಹಿಡಿದು ಅವಳನ್ನು ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದ ಆಸ್ಪತ್ರೆಗೆ ಒಯ್ದೆವು. ಅವರೂ ಓಡಿ ಬಂದರು. ರಕ್ತ ತೆಗೆದರು, ಸಲೈನ್ ಏರಿಸಿದರು, ಗುಳಿಗೆ ನಿಲ್ಲಿಸಿದರು. ಆಮೇಲೆ ನನ್ನನ್ನು ಹೊರಗೆ ಕರೆದು, ಈಕೆ ಏನು ಉಣ್ಣುತ್ತಿದ್ದಳು ಎಂದು ಕೇಳಿದರು.

ನಾನು ಕಾಕಾನನ್ನು ಕೇಳಿದೆ. ಕಾಕಾ ಹರಕೆಯ ವಿಷಯ ಹೇಳಿದ. ಡಾಕ್ಟರು ಹಣೆಗೆ ಕೈ ಒತ್ತಿಕೊಂಡು ಕುಳಿತರು...

ಕೆಲವು ದಿನಗಳಲ್ಲಿ ಅವಳು ಚೇತರಿಸಿಕೊಂಡಳು. ನಾಲಿಗೆ ತಿರುಗಿತು. ಆಗಲೇ ಅವಳು ಅಣ್ಣನೊಂದಿಗಿನ ಆ ಮಾತನ್ನು ನನಗೆ ಹೇಳಿದ್ದು. ಡಾಕ್ಟರು, ಸ್ವಲ್ಪ ದಿನ ಬಿಟ್ಟು ಮತ್ತೆ ಶುರು ಮಾಡೋಣ, ಉಪ್ಪು ಬಿಡದಿದ್ದರೆ ಈ ಔಷಧ ಈಕೆಗೆ ಒಗ್ಗುತ್ತದೆ, ಒಗ್ಗಿದ್ದನ್ನು ನೋಡಿದ್ದೇವಲ್ಲ ಎಂದರು. ನಾನು ಅದನ್ನು ಕನ್ನಡಕ್ಕೆ ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಡಾಕ್ಟರು ಹೋದ ಮೇಲೆ ನನ್ನ ಕಡೆಯಿಂದಲೂ ಹೇಳಿದೆ. ಉಪ್ಪು ಎಂದರೇನು, ಔಷಧ ಎಂದರೇನು, ಎರಡೂ ಮೈಯಲ್ಲಿ ಹೇಗೆ ಒಂದರ ಜಾಗ ಒಂದು ಹಿಡಿಯುತ್ತವೆ ಎಂದು, ಲೋಟದ ನೀರು ಮುಂದಿಟ್ಟುಕೊಂಡು ಹೇಳಿದೆ.

ಅಣ್ಣ ಪೂರ್ತಿ ಕೇಳಿಸಿಕೊಂಡ. ದಡ್ಡನಲ್ಲ ಅವನು. "ಹಂಗಾರ ಒಂದ ಮಾತ ಹೇಳು" ಎಂದ. "ಉಪ್ಪು ಬಿಟ್ಟಾಳ, ನಮ್ಮವ್ವನೂ ಬಿಟ್ಟಿದ್ದಳು, ನಿಮ್ಮವ್ವನೂ ಬಿಟ್ಟಾಳ. ಯಾರರ ಸತ್ತಾರೇನ? ಈಗ ಗುಳಗಿ ನಿಲ್ಲಿಸಿದ್ರು, ಎದ್ದು ಕುಂತಳು. ಅಂದ್ರ ವಿಷ ಯಾವುದು?"

"ಅದು ಹಾಗಲ್ಲ..." ಎಂದೆ.

"ನೀ ಬಣ್ಣದ ಕಂಪನ್ಯಾಗ ಬಾಟ್ಲಿ ತೊಳ್ಯಾಂವ. ನಾಕ ಅಕ್ಷರ ಕಲ್ತ ಕೂಡ್ಲೇ ನಮ್ಮ ಮನಿ ದೇವರನ್ನ ತಪ್ಪು ಅಂತಿ?"

ಕಾಕುವನ್ನು ನೋಡಲು ಬಂದಿದ್ದ ನನ್ನ ಅಪ್ಪ ಮೂಲೆಯಲ್ಲಿ ಕುಳಿತಿದ್ದ. ನನ್ನ ಡಿಗ್ರಿಯನ್ನು ಗೂಡ್ಸ್ ಯಾರ್ಡಿನಲ್ಲಿ ಹತ್ತು ಜನರಿಗೆ ಹೇಳಿಕೊಂಡು ಬಂದಿದ್ದ ಮನುಷ್ಯ. "ಹಿರ್ಯಾರ ಮುಂದ ಹೆಚ್ಚ ಮಾತಾಡಬ್ಯಾಡ" ಎಂದ. ಅವನ ಮುಖದಲ್ಲಿ ಭಯ ಇತ್ತು. ನಾನು ಕಾಕಾನ ಕಡೆ ನೋಡಿದೆ. ಕಾಕಾ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದ.

ಆಗ ಕಾಕು ಹಾಸಿಗೆಯಲ್ಲೇ ಎದ್ದು ಕುಳಿತಳು. ದನಿ ಸಣ್ಣದಿತ್ತು, ಮಾತು ಸ್ಪಷ್ಟವಿತ್ತು. "ನಾ ಉಪ್ಪು ಉಣ್ತೀನಿ, ಗುಳಗೀನೂ ನುಂಗ್ತೀನಿ. ಎರಡ ತಿಂಗಳ ನಾ ನೆಟ್ಟಗ ಇದ್ದೆ. ನನ್ನ ಜಲ್ಮದಾಗ ಹಂಗ ಇದ್ದಿಲ್ಲ. ನನ್ನ ಮಾತ ಕೇಳ್ರಿ."

"ಆಕಿ ಮಾತ ಏನ ಹಿಡೀತೀರಿ" ಎಂದ ಅಣ್ಣ, ನಮ್ಮ ಕಡೆ ತಿರುಗಿ. "ಆಕಿ ತಲಿ ಸರಿ ಐತೇನು?"

ಇಷ್ಟು ವರ್ಷಗಳಾದರೂ ನನಗೆ ಆ ಮಾತು ಅರಗಿಲ್ಲ. ತಂಗಿಗೆ ಕಾಯಿಲೆಯೇ ಇಲ್ಲ ಎಂದು ಹಟ ಹಿಡಿದವನು ಅದೇ ಕಾಯಿಲೆಯನ್ನು ಮುಂದೆ ಮಾಡಿ ಅವಳ ಬಾಯಿ ಮುಚ್ಚಿಸಿದ. ನಾವು ನಾಲ್ಕು ಜನ ಗಂಡಸರು ಅಲ್ಲಿದ್ದೆವು. ಅವಳು ಮತ್ತೆ ಮಲಗಿದಳು. ಗೋಡೆಯ ಕಡೆ ಅಲ್ಲ, ಮೇಲೆ ನೋಡುತ್ತ.

ನಾನು ಸುಮ್ಮನೆ ಕೂರಲಿಲ್ಲ ಎಂದು ಹೇಳಿಕೊಳ್ಳಬಲ್ಲೆ, ಅದರಿಂದ ಆದದ್ದೇನೂ ಇಲ್ಲ. ಡಾಕ್ಟರನ್ನು ಚಾಳಿಗೇ ಕರೆತಂದೆ. ಕಾಕಾ ಬಾಗಿಲಲ್ಲೇ ಕೈಮುಗಿದು, "ಮಂದಿ ನೋಡ್ತಾರ, ದಯಮಾಡಿ ಹೋಗ್ರಿ" ಎಂದ. ಅಷ್ಟರಲ್ಲಿ ಸುದ್ದಿ ಹರಡಿತ್ತು. ಕಣ್ಣಿನ ಡಾಕ್ಟರ ಕಥೆ ಯಾರೂ ನಂಬುತ್ತಿರಲಿಲ್ಲ. ಪಂಕ್ತಿಯಲ್ಲಿ ಅರ್ಧ ಜನ ಬರುವುದು ಬಿಟ್ಟಿದ್ದರು. ರಾಯಚೂರಿನ ಹಮಾಲ ಮಾತ್ರ ತಪ್ಪದೆ ಬಂದು ಕೂಡುತ್ತಿದ್ದ. ಕಾಕಾ ಬೇಯಿಸಿದ ಮುದ್ದೆಯಂಥ ಅನ್ನ ಉಂಡು, ಚೇಷ್ಟೆ ಮಾಡದೆ ಎದ್ದು ಹೋಗುತ್ತಿದ್ದ.

ಅಣ್ಣ ಅವಳನ್ನು ಊರಿಗೆ ಕರೆದುಕೊಂಡು ಹೋಗುವುದೆಂದು ಆಯಿತು. ಹರಕೆ ಅರ್ಧಕ್ಕೆ ಮುರಿದದ್ದಕ್ಕೆ ದೇವರಿಗೆ ತಪ್ಪು ಕಾಣಿಕೆ ಹಾಕಬೇಕು, ಮಗಳ ಮದುವೆ ಮುಗಿಯುವವರೆಗೆ ತಂಗಿ ಕಣ್ಣ ಮುಂದೆ ಇರಬೇಕು. ಕಲ್ಯಾಣದಲ್ಲಿ ಸೊಲ್ಲಾಪುರದ ಗಾಡಿ, ಅಲ್ಲಿಂದ ವಿಜಾಪುರಕ್ಕೆ. ನಾನು ರಜೆ ಹಾಕಿ ಸ್ಟೇಷನ್ನಿಗೆ ಹೋದೆ. ಅಣ್ಣ ನೀರು ತುಂಬಿಸಲು ನಲ್ಲಿಗೆ ಹೋಗಿದ್ದ. ಕಾಕು ಕಿಟಕಿಯ ಪಕ್ಕ ಕುಳಿತಿದ್ದಳು.

"ನಿಮ್ಮಪ್ಪಗ ಯಾರ ರೊಟ್ಟಿ ಕೊಡ್ತಾರ ಈಗ?" ಎಂದಳು.

"ನೋಡ್ತೀವಿ ಕಾಕು."

"ಕಡಕ್ ರೊಟ್ಟಿ ಒಂದ ಡಬ್ಬಿ ಮಾಡಿಟ್ಟೀನಿ. ಕಾಕಾನ್ನ ಕೇಳಿ ತಗೋರಿ." ನಲ್ಲಿಯ ಕಡೆ ನೋಡಿ, ದನಿ ತಗ್ಗಿಸಿದಳು. "ತಮ್ಮಾ, ಆ ಗುಳಗಿ ನಮ್ಮ ಊರ ಕಡೆ ಸಿಗ್ತಾವೇನು?"

ನನಗೆ ಗೊತ್ತಿರಲಿಲ್ಲ. ಸಿಕ್ಕರೂ ರಕ್ತ ಪರೀಕ್ಷೆ ಎಲ್ಲಿ ಮಾಡಿಸುವುದು, ಅವಳನ್ನು ಯಾರು ಕರೆದೊಯ್ಯುವವರು? ಪರೀಕ್ಷೆ ಇಲ್ಲದೆ ಆ ಗುಳಿಗೆಯನ್ನು ಅವಳ ಕೈಗೆ ಕೊಡುವುದು ಎಷ್ಟು ಅಪಾಯ ಎಂದು ಕಣ್ಣಾರೆ ನೋಡಿದ್ದೆ. "ದೊಡ್ಡ ಊರಲ್ವಾ ವಿಜಾಪುರ, ಸಿಗಬಹುದು" ಎಂದೆ. ಅವಳು ತಲೆಯಾಡಿಸಿದಳು. ನನ್ನ ಉತ್ತರ ಎಂಥದ್ದು ಎಂದು ಅವಳಿಗೆ ಗೊತ್ತಿತ್ತು. ನನ್ನ ಮರ್ಯಾದೆಗೆ ತಲೆಯಾಡಿಸಿದಳು.

ಆಮೇಲಿನದು ನಾನು ಕಂಡದ್ದಲ್ಲ, ಊರಿಂದ ಬರುವ ಹಮಾಲರ ಬಾಯಲ್ಲಿ ಕೇಳಿದ್ದು. ಮಗಳ ಮದುವೆ ಆಯಿತು. ಕಾಕು ಒಮ್ಮೆ ಏರಿದಳು, ಊರ ತುಂಬ ಓಡಾಡಿದಳು, ಕೂಡಿಹಾಕಿದರು. ಆಮೇಲೆ ಇಳಿದಳು. ಇಳಿದವಳು ಏಳಲಿಲ್ಲ, ಊಟ ಬಿಟ್ಟಳು. ಬಾಯಿಗೆ ಹಾಕಿದ್ದನ್ನು ಉಗುಳುತ್ತಿದ್ದಳಂತೆ. ನೂರು ಜನಕ್ಕೆ ಉಣಿಸಿದವಳು ಹಾಗೆ ಉಣ್ಣದೆಯೇ ಹೋದಳು. ಜ್ವರ ಬಂದು ಹೋದಳು ಎಂದು ಅಣ್ಣ ಹೇಳಿದನಂತೆ. ಕಾಕಾ ಖೋಲಿಗಳನ್ನು ಬಿಟ್ಟು ಮಾಜಿವಾಡಾದ ಕಡೆ ಎಲ್ಲೋ ಒಬ್ಬನೇ ಇದ್ದ. ಒಮ್ಮೆ ಠಾಣೆ ಸ್ಟೇಷನ್ನಿನಲ್ಲಿ ದೂರದಿಂದ ನನ್ನನ್ನು ನೋಡಿ ಬೇರೆ ಮೆಟ್ಟಿಲು ಹಿಡಿದ. ಅಲ್ಲಿಂದ ಮುಂದೆ ಅವನೂ ಇಲ್ಲ...

ಇದನ್ನು ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ವರ್ಷ ನವಿ ಮುಂಬೈಯ ವಾಶಿಯಲ್ಲಿ ನಮ್ಮ ಕಡೆಯವರ ಒಂದು ಮದುವೆಯಲ್ಲಿ ಅರವತ್ತರ ಹತ್ತಿರದ ಹೆಂಗಸೊಬ್ಬಳು ನನ್ನ ಪಕ್ಕದ ಖುರ್ಚಿಯಲ್ಲಿ ಕುಳಿತಳು. ಮಾತಿಗೆ ಮಾತು ಬೆಳೆದು ಊರು, ಮನೆತನ ಕೇಳಿದೆ. ಕಾಕುವಿನ ಅಣ್ಣನ ಮಗಳು. ಆಗ ಗಂಡು ನೋಡುತ್ತಿದ್ದ ಹುಡುಗಿ. ಅಪ್ಪ ತೀರಿ ಬಹಳ ವರ್ಷವಾಯಿತಂತೆ. ಈಗ ಮಹಾಪೆಯಲ್ಲಿ ಟೆಂಪೋ ಓಡಿಸುವ ಮಗನ ಜೊತೆಗೆ ಇದ್ದಾಳೆ. ನಾನು ಕಾಕುವಿನಲ್ಲಿ ಉಂಡವನು ಎಂದು ಗೊತ್ತಾದಾಗ ಅವಳ ಕಣ್ಣು ತುಂಬಿತು.

"ನಮ್ಮತ್ತಿ ಎಂಥಾ ಶಾಣ್ಯಾಕಿ ಇದ್ದಳ್ರಿ ಅಣ್ಣಾರ. ಠಾಣೇದ ಡಾಕ್ಟರ ಗುಳಗಿ ತಿಂದು ಕೆಟ್ಟಳು ಅಂತ ಅಪ್ಪ ಸಾಯೋತನ ಅಂತಿದ್ದರು."

ನಾವಿಬ್ಬರೂ ಒಟ್ಟಿಗೆ ವಾಶಿ ಸ್ಟೇಷನ್ನಿಗೆ ನಡೆದೆವು. ಇಬ್ಬರಿಗೂ ಠಾಣೆ ಕಡೆಯ ಗಾಡಿಯೇ. ದಾರಿಯಲ್ಲಿ ಅವಳು ಮಗನ ವಿಷಯ ಹೇಳಿದಳು. ಹುಡುಗ ಒಳ್ಳೆಯವನೇ. ಆದರೆ ಎರಡು ವರ್ಷದಿಂದ ಒಮ್ಮೊಮ್ಮೆ ವಾರಗಟ್ಟಲೆ ನಿದ್ದೆ ಮಾಡುವುದಿಲ್ಲ. ಹತ್ತು ಟೆಂಪೋ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ, ಕಂಡಕಂಡವರಿಗೆ ಊಟ ಹಾಕಿಸುತ್ತಾನೆ. ಈಗ ಒಂದು ತಿಂಗಳಿಂದ ಬಾಗಿಲು ಹಾಕಿಕೊಂಡು ಮಲಗಿದ್ದಾನೆ, ಟೆಂಪೋ ನಿಂತಲ್ಲೇ ನಿಂತಿದೆ. ಯಾರೋ ಡಾಕ್ಟರಿಗೆ ತೋರಿಸಿ ಎಂದರಂತೆ.

"ನಮ್ಮ ಮನ್ಯಾಗ ಆ ಗುಳಗಿ ನಡ್ಯಾಂಗಿಲ್ರಿ. ನಮ್ಮತ್ತಿಗೆ ಆದದ್ದ ಸಾಕು."

ಪ್ಲಾಟ್‌ಫಾರ್ಮಿನಲ್ಲಿ ನಿಂತು ನಾನು ಹೇಳಿದೆ. ಆಸ್ಪತ್ರೆಯಲ್ಲಿ ಹೇಳಿದ್ದೆಲ್ಲವನ್ನೂ ಹೇಳಿದೆ. ಗುಳಿಗೆಯಿಂದ ಅಲ್ಲ, ಉಪ್ಪು ಬಿಟ್ಟದ್ದರಿಂದ ಹಾಗಾಯಿತು. ಗುಳಿಗೆ ಬಿಡಿಸಿದ್ದರಿಂದ ಹೋದಳು. ಈಗ ಔಷಧಗಳು ಎಷ್ಟೋ ಬಂದಿವೆ, ನಾನೇ ಜೊತೆಗೆ ಬರುತ್ತೇನೆ, ನಾಳೆಯೇ ಹೋಗೋಣ. ಕೊನೆಗೆ, "ಇದು ನಿಮ್ಮ ಅಜ್ಜಗೂ ಇತ್ತು. ನಿಮ್ಮಪ್ಪನೇ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿದ್ದರು, ನಾನು ಅಲ್ಲೇ ಇದ್ದೆ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟು ಮಾಡಲಿಲ್ಲ. ವಯಸ್ಸಾದವರ ಮಾತಿಗೆ ನಗುವ ಹಾಗೆ ಸ್ವಲ್ಪ ನಕ್ಕಳು.

"ನಮ್ಮಪ್ಪ? ಬಿಡ್ರಿ ಅಣ್ಣಾರ. ನಮ್ಮಪ್ಪ ಹಂಗ ಹೇಳಾವರಲ್ಲ."

ಗಾಡಿ ಬಂತು. ಅವಳು ಹೆಂಗಸರ ಡಬ್ಬಿ ಹತ್ತಿದಳು, ನಾನು ನಮ್ಮದು. ಆ ಮಾತನ್ನು ಕೇಳಿದವರಲ್ಲಿ ಡಾಕ್ಟರು ಹೋಗಿದ್ದಾರೆ, ಕಾಕಾ ಹೋಗಿದ್ದಾನೆ, ಹೇಳಿದವನೂ ಹೋಗಿದ್ದಾನೆ. ಅದಕ್ಕಾಗಿ ಉಪ್ಪು ಬಿಟ್ಟವಳು ಇಲ್ಲ. ಈಗ ನಾನೊಬ್ಬನೇ ಇದ್ದೇನೆ, ನನ್ನನ್ನು ನಂಬುವವರಿಲ್ಲ. ನನ್ನ ಸ್ಟೇಷನ್ನಾದ ಕೋಪರಖೈರಣೆಯಲ್ಲಿ ಇಳಿದು, ಇನ್ನೊಮ್ಮೆ ಹೇಳೋಣವೆಂದು ಹೆಂಗಸರ ಡಬ್ಬಿಯ ಕಡೆ ಬೇಗಬೇಗ ನಡೆದೆ. ಮೊಣಕಾಲು ಕೇಳಲಿಲ್ಲ. ನಾನು ಮುಟ್ಟುವ ಮೊದಲೇ ಗಾಡಿ ಹೊರಟಿತು. ಕಿಟಕಿಯಲ್ಲಿ ಅವಳು ಕಂಡಳು. ಫೋನು ಕಿವಿಗೆ ಹಿಡಿದು, ಅತ್ತ ಕಡೆಯಿಂದ ಉತ್ತರ ಬರದವರ ಹಾಗೆ, ಮತ್ತೆ ಮತ್ತೆ ಮಗನ ಹೆಸರು ಕರೆಯುತ್ತಿದ್ದಳು.